ಮೂರು ತಿಂಗಳ ಸಕ್ಕರೆ

“ಕದ್ದು ತಿಂದಿದ್ದೀಯ ತಾನೆ?”

ಶಿರಾದ ಲ್ಯಾಬಿನ ಬಾಗಿಲಲ್ಲೇ ಅಂಬರೀಶ್ ಹೆಂಡತಿಯನ್ನು ಕೇಳಿಬಿಟ್ಟ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ವೇದಾವತಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

“ಇಲ್ಲ ಕಣ್ರೀ... ನಿಮ್ಮಾಣೆಗೂ ಇಲ್ಲ! ಮನೇಲಿ ಬೆರಳು ಚುಚ್ಚಿ ನೋಡ್ದಾಗೆಲ್ಲ ಶುಗರ್ ಸರಿಯಾಗೇ ಇತ್ತಲ್ಲ?”

“ಅದು ಆ ಹೊತ್ತಿನ ಲೆಕ್ಕ. ಇದು ಮೂರು ತಿಂಗಳ ಸರಾಸರಿ. ಇದ್ರ ಮುಂದೆ ನಾಟಕ ನಡಿಯಲ್ಲ. ಏಳರೊಳಗೆ ಇರ್ಬೇಕಾದ್ದು ಎಂಟು ದಾಟೈತೆ! ನಮ್ಮಪ್ಪನೂ ಹಿಂಗೇ ಆಣೆ ಹಾಕ್ತಿದ್ದ, ದಿಂಬಿನಡಿ ಬೆಲ್ಲ ಇಟ್ಕೊಂಡು. ಕಾಲು ತೆಗೆದ್ರೂ ಉಳೀಲಿಲ್ಲ.”

ಅವನು ರಿಪೋರ್ಟನ್ನು ಮುದುರಿ ಜೇಬಿಗೆ ತುರುಕಿದ. ಅದು ಕೋಪವಲ್ಲ, ಭಯ ಎಂದು ಅವಳಿಗೂ ಗೊತ್ತಿತ್ತು. ಆದರೆ ಭಯವಾಯಿತೆಂದು ನಾಲ್ಕು ಜನರೆದುರು ಹೆಂಡತಿಯನ್ನು ಕಳ್ಳಿ ಮಾಡುವುದೇ?

ಆ ಸಂಜೆಯೇ ಅವಳು ಬರಗೂರಿನ ತವರಿಗೆ ಹೊರಟಳು. ಅವನು ತಡೆಯಲಿಲ್ಲ.

ತವರಲ್ಲಾದರೂ ನೆಮ್ಮದಿ ಎಲ್ಲಿ? ಅಂಬರೀಶ್ ಕಂಡಕ್ಟರ್. ಅವನ ಬಸ್ಸು ದಿನಾ ಬರಗೂರಿಗೇ ಬರುವುದು, ಸ್ಟಾಪು ಮನೆಯ ಎದುರಿಗೇ! “ರೈಟ್... ರೈಟ್!” ಎಂಬ ಆ ದನಿ ಕೇಳಿದಾಗಲೆಲ್ಲ ಅವಳ ಕೈಯ ಕೆಲಸ ನಿಂತುಹೋಗುತ್ತಿತ್ತು.

ಇವತ್ತು ಇಳೀತಾರೇನೋ...

ಬಸ್ಸು ಹೊರಟುಹೋಗುತ್ತಿತ್ತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಒಂದು ದಿನ ಬಟ್ಟೆ ಒಗೆಯುತ್ತಿದ್ದವಳು ಕಣ್ಣು ಕತ್ತಲಿಟ್ಟು ಕುಸಿದಳು. ಶಿರಾ ಬೇಡವೇ ಬೇಡ ಎಂದು ಹಟ ಹಿಡಿದದ್ದಕ್ಕೆ ತಾಯಿ ಸರಸಮ್ಮ ಮಧುಗಿರಿಯ ಡಾಕ್ಟರ ಬಳಿ ಕರೆದೊಯ್ದರು.

“ರಕ್ತ ತುಂಬಾ ಕಮ್ಮಿ ಇದೆಯಲ್ಲಮ್ಮ! ಮೈಯಲ್ಲಿ ಕಬ್ಬಿಣದಂಶ ಇಷ್ಟು ಕಮ್ಮಿಯಾದ್ರೆ ನೀವು ಹೇಳಿದ ಆ ಮೂರು ತಿಂಗಳ ಸಕ್ಕರೆ ಟೆಸ್ಟು ಇರೋದಕ್ಕಿಂತ ಹೆಚ್ಚು ತೋರಿಸಬಹುದು. ಅದೊಂದನ್ನೇ ನಂಬೋಕಾಗಲ್ಲ. ಮೊದಲು ಇದಕ್ಕೆ ಮಾತ್ರೆ ತಗೊಳ್ಳಿ, ಆಮೇಲೆ ಮತ್ತೆ ನೋಡೋಣ.”

ಸರಸಮ್ಮ ಆಸ್ಪತ್ರೆಯ ಮೆಟ್ಟಿಲಲ್ಲೇ ಫೋನ್ ತೆಗೆದರು. “ಈಗ್ಲೇ ಅಳಿಯಂಗೆ ಹೇಳ್ತೀನಿ ತಡಿ!”

ವೇದಾವತಿ ಅವರ ಕೈ ಹಿಡಿದಳು. “ಬ್ಯಾಡ ಕಣಮ್ಮ. ಡಾಕ್ಟ್ರು ಹೇಳಿದ್ಮೇಲೆ ನಂಬಿದ್ರೆ ಡಾಕ್ಟ್ರನ್ನ ನಂಬಿದಂಗಾಯ್ತು. ನನ್ನನ್ನಲ್ಲ.”

“ಅವ್ನು ಬರ್ದೇ ಹೋದ್ರೆ?”

ವೇದಾವತಿ ಮಾತ್ರೆಯ ಚೀಟಿ ಹಿಡಿದು ಮೆಟ್ಟಿಲಿಳಿದಳು.

ವಾರಗಳು ಹಾಗೇ ಕಳೆದವು. ಒಂದು ಮಧ್ಯಾಹ್ನ ಬಸ್ಸು ಬಂದು ನಿಂತಿತು. “ರೈಟ್!” ಎಂದದ್ದು ಬೇರೆ ಯಾರದೋ ದನಿ.  ಅಯ್ಯೋ, ಅವರಿಗೇನಾಯ್ತು? ವೇದಾವತಿ ಬರಿಗಾಲಲ್ಲೇ ಹೊರಗೆ ಓಡಿದಳು.

ಬಸ್ಸು ಎಬ್ಬಿಸಿದ ಧೂಳಿನಲ್ಲಿ ಅಂಬರೀಶ್ ನಿಂತಿದ್ದ. ಖಾಕಿ ಇಲ್ಲ, ಚೀಲವಿಲ್ಲ. ಗಡ್ಡ ಬೆಳೆದಿತ್ತು.

“ಯಾಕೆ ಬಂದ್ರಿ?”

“ನೀನು ತಿಂದಿಲ್ಲ ಕಣೆ.”

“ಯಾರು ಹೇಳಿದ್ರು? ಅಮ್ಮ ಫೋನ್ ಮಾಡಿದ್ಲಾ?”

“ಯಾರೂ ಹೇಳಿಲ್ಲ. ಆ ಟೆಸ್ಟಿಗೆ ಮುಂಚೆ ಯುಗಾದಿಲಿ ನೀನು ಒಬ್ಬಟ್ಟು ಬೇಯಿಸ್ತಾ ಅಳ್ತಿದ್ದೆ. ಯಾಕೆ ಅಂತ ಕೇಳಿದ್ರೆ ಹೊಗೆ ಅಂದೆ. ಗ್ಯಾಸ್ ಒಲೇಲಿ ಎಲ್ಲಿಂದ ಬಂತು ಹೊಗೆ? ಒಂದು ಚೂರು ತಿನ್ನು ಅಂದ್ರೂ ಮುಟ್ಲಿಲ್ಲ. ಕದ್ದು ತಿನ್ನೋಳು ಅಂಗೆ ಆಸೆಪಟ್ಟು ಅಳ್ತಾಳಾ? ನೆನ್ನೆ ಟಿಕೆಟ್ ಕೊಡ್ತಾ ಇದ್ದಂಗೆ ಅದು ನೆನಪಾಗ್ಬುಡ್ತು... ಚಿಲ್ಲರೆ ಕೊಡೋದೇ ಮರ್ತೆ.”

ಈ ಮಾತಿಗಾಗಿ ಅಲ್ಲವೇ ಅವಳು ಕಾದದ್ದು! ಕಣ್ಣೀರು ಒರೆಸಿಕೊಳ್ಳುತ್ತಲೇ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಅವನು ಜಗಲಿಯ ಮೇಲೆ ಕುಸಿದು ಕುಳಿತ.

“ಅಂಗಾದ್ರೆ ನೀನು ರಕ್ತ ಇಲ್ದೆ ಸೊರಗ್ತಿದ್ದಾಗ ನಾನು... ಕಳ್ಳಿ ಅಂದೆ.”

ಅವಳು ಸಮಾಧಾನ ಮಾಡಲಿಲ್ಲ. ಗಾಯ ಇನ್ನೂ ಹಸಿಯಾಗಿತ್ತು.

“ಈ ಕಾಯಿಲೆ ಸಾಯೋಗಂಟ ಇರ್ತದೆ ರೀ. ಮುಂದೆ ನಿಜವಾಗ್ಲೂ ಹೆಚ್ಚಾಗಬೋದು. ಅವಾಗ?”

“ಅವಾಗ ಮೊದ್ಲು ನಿನ್ನ ಕೇಳ್ತೀನಿ. ನೀನು ಹೇಳಿದ್ಮೇಲೆ ರಿಪೋರ್ಟ್ ನೋಡ್ತೀನಿ.”

ವೇದಾವತಿ ಹೊಸ್ತಿಲ ತನಕ ಹೋಗಿ ತಿರುಗಿದಳು.

“ಊಟ ಆಯ್ತಾ?”

ಅವನು ತಲೆಯಾಡಿಸಿದ. ಆಗಿರಲಿಲ್ಲ.

“ಬನ್ನಿ... ಮುದ್ದೆ ಇನ್ನೂ ಬಿಸಿ ಐತೆ.”