ಪಲೋಮಾಳ ಮದುವೆಯ ಕರಿಹಲಗೆ

ಅವಳ ಕೈ ಅವನ ತೋಳಿನ ಮೇಲಿತ್ತು.

ರೊಹೆಲಿಯೊ ಇನ್ನೊಬ್ಬಳ ಜೊತೆ ಅಂಗಡಿಯೊಳಗೆ ಬಂದಾಗ ಮಾರಿಸೆಲಾಗೆ ಮೊದಲು ಕಂಡಿದ್ದು ಅದೇ. ಆಲ್ಬಂಗೆ ಅಂಟಿಸಬೇಕಿದ್ದ ಕಾಗದದ ಹೂವು ಅವಳ ಬೆರಳಿಗೇ ಅಂಟಿಕೊಂಡಿತು.

ಹಲಾಪಾ ಊರಿನ ಪೇಟೆಯಲ್ಲಿ ಬಣ್ಣದ ಕಾಗದ, ಲೇಸು, ಫೋಟೋ ಆಲ್ಬಂಗಳ ಪುಟ್ಟ ಅಂಗಡಿ ಅವಳದು. ರೊಹೆಲಿಯೊ ಪಕ್ಕದ ಬೀದಿಯ ಬಡಗಿ. ಅವಳ ಆಲ್ಬಂಗಳಿಗೆ ಮರದ ಹೊದಿಕೆ ಮಾಡಿಕೊಡುತ್ತಿದ್ದ, ಸಂಜೆ ಬಂದು ಕಾಫಿ ಕುಡಿಯುತ್ತಿದ್ದ. ಹೇಳಬೇಕಾದ ಒಂದು ಮಾತು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಿದ್ದ, ಪುಣ್ಯಾತ್ಮ.

ಜೊತೆಗಿದ್ದವಳು ಪಲೋಮಾ, ಅವನ ಹಳೆಯ ಪ್ರೇಯಸಿ. ದೂರದ ಮೊಂತೆರ್ರೇ ನಗರಕ್ಕೆ ಹೋದವಳು ಈಗ ಮರಳಿ ಬಂದಿದ್ದಳು.

"ಮಾರಿ, ಮದುವೆಗೆ ಒಂದು ದೊಡ್ಡ ಕರಿಹಲಗೆ ಬೇಕು ಕಣೇ," ಅಂದಳು ಪಲೋಮಾ. "ಸಿಹಿತಿಂಡಿ ಇಡೋ ಮೇಜಿನ ಹಿಂದೆ ನಿಲ್ಸೋಕೆ. ಚಾಕ್‌ಪೀಸಲ್ಲಿ ಬರೆಯೋ ಕಪ್ಪು ಕಾಗದ ನೀನು ಕೊಡು, ಚೌಕಟ್ಟು ಇವ್ನೇ ಮಾಡ್ತಾನೆ. ತಿಂಡಿ ಹೆಸರೂ ಇವ್ನೇ ಬರೀತಾನೆ."

ಮದುವೆ...

ಯಾರ ಮದುವೆ ಅಂತ ಒಂದು ಮಾತು ಕೇಳಬಹುದಿತ್ತು. ಬಿಗುಮಾನ ಬಿಡಲಿಲ್ಲ.

"ನಿಮಗೆ ಎಷ್ಟು ಅಗಲದ್ದು ಬೇಕು?" ಅಂತ ರೊಹೆಲಿಯೊನನ್ನು ಕೇಳಿದಳು.

"ನಾನ್ಯಾವಾಗ 'ನೀವು' ಆದೆ?" ಅವನು ನಕ್ಕ.

"ಗಿರಾಕಿಗಳ ಹತ್ರ ಹಾಗೇ ಮಾತಾಡೋದು."

ಅವನ ನಗು ಅಲ್ಲಿಗೇ ನಿಂತಿತು.

ಈ ಕರಿಹಲಗೆ ಕಾಗದವನ್ನು ಹೊಸ ಕಾವಲಿಯ ಹಾಗೆ ಮೊದಲು ಪಳಗಿಸಬೇಕು. ಚಾಕ್‌ಪೀಸನ್ನು ಅಡ್ಡ ಹಿಡಿದು ಹಾಳೆಯ ತುಂಬ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಬೇಕು. ಇಲ್ಲದಿದ್ದರೆ ಮೊದಲು ಬರೆದ ಅಕ್ಷರ ಎಷ್ಟು ಒರೆಸಿದರೂ ಮಸುಕಾಗಿ ಅಲ್ಲೇ ಕೂತುಬಿಡುತ್ತದೆ. ಮಾರಿಸೆಲಾ ಪ್ರತಿ ಹಾಳೆಯನ್ನೂ ತಾನೇ ಪಳಗಿಸಿ ಕೊಡುತ್ತಿದ್ದಳು. ಅಂಗಡಿಗೆ ಹೆಸರು ಬಂದಿದ್ದೇ ಅದರಿಂದ.

ಅವತ್ತು ಹಾಗೇ ಸುತ್ತಿ ಕೊಟ್ಟಳು.

'ಬರೀಲಿ... ಒಂದಕ್ಷರ ತಪ್ಪಲಿ. ಆಮೇಲೆ ಗಂಡ ಹೆಂಡ್ತಿ ಇಬ್ರೂ ಕೂತು ಉಜ್ಜಲಿ.'

ಆ ವಾರ ಯಾರದೋ ಹುಡುಗಿಯ ಹದಿನೈದನೇ ಹುಟ್ಟುಹಬ್ಬದ ಆಲ್ಬಂನಲ್ಲಿ ಅಜ್ಜಿಯನ್ನು ತಲೆಕೆಳಗಾಗಿ ಅಂಟಿಸಿದಳು. ಕಾಫಿಗೆ ಅವನು ಬರಲಿಲ್ಲ. ಬಂದಿದ್ದರೂ ಕೊಡುತ್ತಿರಲಿಲ್ಲ ಅಂದುಕೊಂಡು, ದಿನಾ ಎರಡು ಲೋಟ ತೊಳೆದಿಟ್ಟಳು.

ಮದುವೆಯ ಹಿಂದಿನ ದಿನ ಪಲೋಮಾ ಹಲಗೆಯನ್ನು ಹೊತ್ತುಕೊಂಡೇ ಬಂದಳು. ಹಿಂದೆ ರೊಹೆಲಿಯೊ. ಅವನ ಕಿವಿ ಕೆಂಪಾಗಿತ್ತು.

"ಇದನ್ನ ನೋಡಿ ನೀನೇ ಹೇಳಮ್ಮ," ಪಲೋಮಾ ಹಲಗೆಯನ್ನು ಮೇಜಿಗೆ ಆನಿಸಿದಳು. "ನಾಳೆ ನಂಗೂ ಹಸಿಂತೊಗೂ ಮದುವೆ. ನನ್ನ ಸಿಹಿ ಮೇಜಿನ ಹಿಂದೆ ಇದನ್ನ ನಿಲ್ಸಲಾ?"

ಹಸಿಂತೊ? ಯಾರು ಹಸಿಂತೊ?

ತೆಂಗಿನಕಾಯಿ ಮಿಠಾಯಿ, ಹುಣಸೆ ಉಂಡೆ ಅಂತ ದುಂಡಗೆ ಬರೆದಿತ್ತು. ಆ ಅಕ್ಷರಗಳ ಹಿಂದೆ, ಹಾಳೆಯ ಉದ್ದಗಲಕ್ಕೂ, ಮಸುಕಾಗಿ... ಮಾರಿಸೆಲಾ. ಮಾರಿಸೆಲಾ. ಮತ್ತೆ ಮಾರಿಸೆಲಾ.

ಅವಳು ಹತ್ತಿರ ಬಗ್ಗಿ ಮತ್ತೊಮ್ಮೆ ಓದಿದಳು.

"ಕೈ ಕೂರ್ಲಿ ಅಂತ ಬರ್ದೆ," ರೊಹೆಲಿಯೊ ನೆಲ ನೋಡುತ್ತ ಹೇಳಿದ. "ಬೇರೆ ಯಾವ ಪದಾನೂ ತಲೆಗೆ ಬರ್ಲಿಲ್ಲ. ಒದ್ದೆ ಬಟ್ಟೇಲಿ ಒರೆಸ್ದೆ, ಹೋಗಿತ್ತು. ತಿಂಡಿ ಹೆಸರು ಬರೆಯೋಷ್ಟರಲ್ಲಿ ಹಲಗೆ ಒಣಗಿ ಮತ್ತೆ ಎದ್ದು ಬಂತು. ಅಷ್ಟೊತ್ತಿಗೆ ಇವ್ಳು ಬಂದ್ಬಿಟ್ಲು. ನೀನು ಕೊಟ್ಟ ಹಾಳೇಲಿ ಯಾವತ್ತೂ ಹೀಗಾಗಿಲ್ಲ..."

ಸುಮ್ಮನಿದ್ದರೆ ಅವಳ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವನ ತಗ್ಗಿದ ತಲೆ ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ತಪ್ಪು ನಂದು. ಬೇಕಂತಲೇ ಹಾಳೇನ ಪಳಗಿಸದೇ ಕೊಟ್ಟೆ."

"ಯಾಕೆ?"

"ನೀನು ಇವ್ಳನ್ನ ಮದುವೆ ಆಗ್ತಿದೀಯ ಅಂದ್ಕೊಂಡೆ. ಸಹಿಸೋಕಾಗ್ಲಿಲ್ಲ."

ಪಲೋಮಾ ಇಬ್ಬರನ್ನೂ ನೋಡಿ ಹಣೆ ಚಚ್ಚಿಕೊಂಡಳು. "ದೇವ್ರೇ, ನನ್ನ ಮದುವೇಲೇ ನಿಮ್ಗೆ ಇದೆಲ್ಲ ಆಗ್ಬೇಕಿತ್ತಾ? ಸಂಜೆಯೊಳಗೆ ನಂಗೆ ಹಲಗೆ ಬೇಕು," ಅಂದು ಹೊರಟೇಹೋದಳು.

ಮಾರಿಸೆಲಾ ಹೊಸ ಹಾಳೆ ಹಾಸಿದಳು. ಅವಳು ಚಾಕ್‌ಪೀಸ್ ಉಜ್ಜುತ್ತ ಹೋದಳು, ಅವನು ಒರೆಸುತ್ತ ಬಂದ. ಹಾಳೆಯ ನಡುವೆ ಕೈಗೆ ಕೈ ತಗುಲಿತು. ಇಬ್ಬರೂ ತೆಗೆಯಲಿಲ್ಲ.

"ನಾಳೆ ನನ್ನ ಜೊತೆ ಬರ್ತೀಯಾ ಮದುವೆಗೆ?" ಅವನು ಮೆಲ್ಲಗೆ ಕೇಳಿದ.

"ಬರ್ತೀನಿ. ನೀನು ಅವ್ಳ ಜೊತೆ ಕುಣಿಯೋ ಹಾಗಿಲ್ಲ."

"ಮದುಮಗಳ ಜೊತೆ ಎಲ್ರೂ ಒಂದು ಸುತ್ತು ಕುಣೀಲೇಬೇಕು ಮಾರಿ. ಪದ್ಧತಿ ಅದು."

"ಹಾಗಾದ್ರೆ ಒಂದೇ ಸುತ್ತು. ನಾನು ನೋಡ್ತಾ ಇರ್ತೀನಿ."

"ಆಮೇಲೆ?"

ಅವಳು ಅವನ ಕೆನ್ನೆಯ ಮೇಲಿದ್ದ ಬಿಳಿ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದಳು.

"ಆಮೇಲೆ ನೀನು ಪೂರ್ತಿ ನನ್ನವನು."