ಓದಿ ಮಾಡಿದ ಸಹಿ

ಅದು ೨೦೬೨ನೆಯ ಇಸವಿ. ಧಾರವಾಡದ ನ್ಯಾಯಾಲಯದಲ್ಲಿ ಡಾಕ್ಟರ್ ಕುಷ್ಟಗಿಯವರ ಯಂತ್ರ, ನೋಡಿದರೆ ಊಟದ ಡಬ್ಬಿಗಿಂತ ದೊಡ್ಡದಲ್ಲ, ಒಬ್ಬನೇ ಆರೋಪಿಯ ನಾನೂರ ಹನ್ನೆರಡು ಸಹಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿತ್ತು. ಆಗೆಲ್ಲ ಸಹಿ ಮಾಡುವುದು ಎಲೆಕ್ಟ್ರಾನಿಕ್ ಪೆನ್ನಿನಿಂದ. ಕೈಯ ವೇಗ, ಒತ್ತಡ, ಕಣ್ಣಿಗೆ ಕಾಣದ ನಡುಕ ಎಲ್ಲವೂ ಸಹಿಯ ಜೊತೆಗೇ ದಾಖಲಾಗುತ್ತಿದ್ದವು. ಓದಿ ಅರ್ಥ ಮಾಡಿಕೊಂಡವನ ಕೈ ನಡುಗುವ ಬಗೆಯೇ ಬೇರೆ, ಓದದವನದೇ ಬೇರೆ ಎಂಬುದು ಕುಷ್ಟಗಿಯವರು ಕಂಡುಹಿಡಿದ ಸಂಗತಿ. ಅದನ್ನೇ ನೆಚ್ಚಿ ವಕೀಲೆ ಮಂದಾಕಿನಿ ಹಂಪಿಹೊಳಿ ಈ ಪರೀಕ್ಷೆಗೆ ತಾನಾಗಿಯೇ ಅರ್ಜಿ ಹಾಕಿದ್ದಳು.

ಅವಳ ಕಕ್ಷಿದಾರ ಚನ್ನವೀರ ಹೊಸಕೇರಿ ಒಂದು ಸಲೈನ್ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥ. ಅಲ್ಲಿಯ ಕೆಟ್ಟ ಸಲೈನ್ ಏರಿಸಿಕೊಂಡು ಹನ್ನೊಂದು ರೋಗಿಗಳು ಸತ್ತಿದ್ದರು. ಕೆಟ್ಟಿದ್ದು ಗೊತ್ತಿದ್ದೂ ಗುಣಮಟ್ಟದ ವರದಿಗೆ ಸಹಿ ಹಾಕಿದನೆಂದು ತನಿಖಾಧಿಕಾರಿಗಳ ಆರೋಪ; ರುಜುವಾತಾದರೆ ಹತ್ತು ವರ್ಷ ಜೈಲು. ವರದಿಯನ್ನು ಓದಿಯೇ ಇಲ್ಲವೆಂದು ತೋರಿಸಿದರೆ ಬಚಾವು. "ದಿನಕ್ಕ ನಲವತ್ತ ಸಹಿ ರೀ ಮೇಡಂ, ಯಾರ ಓದ್ತಾರ?" ಎಂದು ಮೊದಲ ಭೇಟಿಯಲ್ಲೇ ಅವನು ಹೇಳಿದ್ದ. ನಿನ್ನೆ ಮಾತ್ರ, "ಆ ಯಂತ್ರ ಬ್ಯಾಡ್ರಿ" ಎಂದು ಗೋಗರೆದಿದ್ದ. ಪುಕ್ಕಲು ಮನುಷ್ಯ ಎಂದುಕೊಂಡು ಮಂದಾಕಿನಿ ಗದರಿಸಿ ಕಳಿಸಿದ್ದಳು.

"ನಾನೂರ ಹನ್ನೊಂದು ಸಹಿ ಓದದೆ ಮಾಡಿದ್ದು," ಎಂದರು ಕುಷ್ಟಗಿ. "ಒಂದು, ಓದಿ ಮಾಡಿದ್ದು."

ಯಾವುದೆಂದು ನ್ಯಾಯಾಧೀಶರು ಕೇಳುವ ಮೊದಲೇ ಚನ್ನವೀರ ತಲೆ ತಗ್ಗಿಸಿದ. ಕೆಟ್ಟ ಸಲೈನಿನ ವರದಿಯೇ ಅದು. ಅದೇ ವರದಿಯ ಮೇಲೆ ಮಾಲೀಕರ ಸಹಿಯೂ ಇತ್ತು, ಸರ್ಕಾರಿ ಇನ್‌ಸ್ಪೆಕ್ಟರರ ಸಹಿಯೂ ಇತ್ತು. ಅವರಿಬ್ಬರೂ ಓದಿಲ್ಲವೆಂದು ಯಂತ್ರ ಹೇಳಿತು. ಗೊತ್ತೇ ಇರದವರು ಸಂಚು ಹೇಗೆ ಮಾಡಿಯಾರು? ನಿರ್ಲಕ್ಷ್ಯಕ್ಕೆಂದು ದಂಡ ಹಾಕಿ ಇಬ್ಬರನ್ನೂ ಬಿಟ್ಟುಬಿಟ್ಟರು.

ಮಧ್ಯಾಹ್ನದ ಬಿಡುವಿನಲ್ಲಿ ಮಂದಾಕಿನಿ ಚನ್ನವೀರನನ್ನು ಮೂಲೆಗೆ ಕರೆದಳು. "ನನಗ್ಯಾಕ ಸುಳ್ಳ ಹೇಳಿದ್ರಿ?"

"ಆವತ್ತೊಂದ ದಿನ ಓದಿದ್ನಿರಿ. ನಮ್ಮ ತಂಗೀಗೆ ಆಪರೇಶನ್ ಆಗಿತ್ತು, ನಮ್ಮ ಕಂಪನಿ ಸಲಾಯಿನ್ನ ಹಚ್ಚೋರಿದ್ರು. ಅದಕ್ಕ ಓದಬೇಕನಿಸ್ತು. ಓದಿದ ಕೂಡ್ಲೆ ಮಾಲಕರ ಕಡೆ ಓಡಿದೆ. ಮೊದಲ ಸಹಿ ಮಾಡ್ರಿ, ಆಮ್ಯಾಲ ನೋಡೂಣು ಅಂದ್ರು. ಅದನ್ನ ಕೇಳಿದಾವ್ರು ಬ್ಯಾರೆ ಯಾರೂ ಇಲ್ರಿ."

"ಮಾಡಿದ್ರಿ."

"ಕೆಲಸ ಹೋಗ್ತದಂತ ಹೆದರಿಕಿ ರೀ." ಅವನು ಗೋಡೆಯ ಕಡೆ ತಿರುಗಿದ. "ತಂಗೀ ಬಾಟ್ಲಿ ಅಷ್ಟ ಬದಲಿ ಮಾಡಿಸಿದೆ."

ಇಂಥವನನ್ನು ಉಳಿಸಬೇಕೆಂದು ಇಷ್ಟು ದಿನ ಒದ್ದಾಡಿದೆನಲ್ಲ ಎಂದು ಮಂದಾಕಿನಿಗೆ ಅಸಹ್ಯವಾಯಿತು. ಉಳಿಸಲಾಗಲಿಲ್ಲವಲ್ಲ ಎಂದು ಅಳುವೂ ಬಂತು.

ಚನ್ನವೀರನಿಗೆ ಹತ್ತು ವರ್ಷ ಜೈಲೇ ಆಯಿತು. ತೀರ್ಪಿನ ದಿನ ಕುಷ್ಟಗಿಯವರು ಮೆಟ್ಟಿಲ ಮೇಲೆ ಎದುರಾದರು.

"ಓದಿದಾವ ಒಳಗ, ಓದದವರು ಮನಿಗೆ," ಎಂದಳು ಮಂದಾಕಿನಿ. "ಇದಕ್ಕ ಯಂತ್ರ ಮಾಡಿದ್ರೇನ್ರಿ ಸರ್?"

"ಓದಿದ್ರೋ ಇಲ್ಲೋ ಅನ್ನೂದಷ್ಟ ಅದಕ್ಕ ಗೊತ್ತಾಗ್ತದ ತಂಗಿ. ಯಾಕ ಓದಲಿಲ್ಲ ಅಂತ ಕೇಳೋದು ನಿಮ್ಮ ಕೆಲಸ," ಎಂದರು ಅವರು, ಅವಳ ಮುಖ ನೋಡದೆ.

ಮರುವಾರವೇ ಒಂದು ದೊಡ್ಡ ಔಷಧಿ ಕಂಪನಿಯ ಅಧಿಕಾರಿಗಳು ಅವಳ ಕಚೇರಿಗೆ ಬಂದರು. ಮುಂದೆಂದೂ ತನಿಖೆಯಲ್ಲಿ ಸಿಕ್ಕಿಬೀಳಬಾರದು, ಓದದೆ ಸಹಿ ಮಾಡುವುದನ್ನು ನೌಕರರಿಗೆ ಕಲಿಸಿಕೊಡಬೇಕು ಎಂಬುದು ಅವರ ಬೇಡಿಕೆ.

"ಅದನ್ನ ಕಲಿಸೂದು ಬ್ಯಾಡ್ರಿ," ಎಂದಳು ಮಂದಾಕಿನಿ. "ನಮ್ಮಜ್ಜನ ಕಾಲದಾಗನ ಎಲ್ಲಾರಿಗೂ ಬರ್ತಿತ್ತು. ಆಗ ಯಂತ್ರ ಇರಲಿಲ್ಲ, ಅಷ್ಟ."