ನೀಲಿ ದೀಪಕ್ಕೊಂದು ಪರದೆ

"ಆ ದೀಪ ತಗೋಬೇಡಿ. ಅದು ಹವಳಕ್ಕಲ್ಲ, ಫುಟ್‌ಬಾಲ್ ಮೈದಾನಕ್ಕೆ."

ಕಝಾಕ್‌ಸ್ತಾನದ ಕರಗಂದಾ ನಗರದ ಆ ಪುಟ್ಟ ಸಾಕುಮೀನಿನಂಗಡಿಯಲ್ಲಿ ಮೊಲ್ದಿರ್‌ಳ ಕೈ ಪೆಟ್ಟಿಗೆಯ ಮೇಲೇ ನಿಂತಿತು. ತಿರುಗಿ ನೋಡಿದಳು. ಬಸ್ ಡ್ರೈವರನ ಜಾಕೆಟ್, ಟೋಪಿಯ ಮೇಲೆ ಇನ್ನೂ ಕರಗದ ಹಿಮ, ತುಟಿಯಂಚಿನಲ್ಲಿ ನಗು...

ಇವನನ್ನು ಕೇಳಿದವರ್ಯಾರು?

ಹವಳ ಸಾಕುವ ಗಾಜಿನ ತೊಟ್ಟಿ ಎಷ್ಟು ದೊಡ್ಡದು ಎಂದು ಅವನು ವಿಚಾರಿಸಿದ. ಅವಳು ಎರಡೂ ಕೈ ಅಗಲಿಸಿ ತೋರಿಸಿದಳು. ಹೆಚ್ಚೆಂದರೆ ಒಂದು ತೊಟ್ಟಿಲಿನಷ್ಟು. ಅವನು ಗಟ್ಟಿಯಾಗಿಯೇ ನಕ್ಕುಬಿಟ್ಟ. ಅವಳ ಕೆನ್ನೆ ಬಿಸಿಯಾಯಿತು.

"ನಗೋಕೇನಿದೆ? ಹವಳಕ್ಕೆ ಬೆಳಕು ಬೇಕು ತಾನೆ?"

"ಬೇಕು. ನೀವೇನು ಕೆಲಸ ಮಾಡ್ತೀರಿ?"

"ಪರದೆ ಹೊಲೀತೀನಿ."

"ಹಾಗಾದ್ರೆ ನಿಮಗೆ ನಾನೇನು ಹೇಳ್ಲಿ? ಕಿಟಕಿಗೆ ಪರದೆ ಯಾಕೆ ಬೇಕು ಅಂತ ನಿಮಗೇ ಗೊತ್ತು."

ಅವಳು ಪೆಟ್ಟಿಗೆಯನ್ನು ಎತ್ತಿ ಇದ್ದಲ್ಲೇ ವಾಪಸ್ ಇಟ್ಟಳು.

ಅವನ ಹೆಸರು ಯೆರ್ಮೆಕ್. ಅವಳಿಗೊಂದು ಸಣ್ಣ ದೀಪ ಆರಿಸಿಕೊಟ್ಟ. ಅದರಲ್ಲಿ ನೀಲಿ ಬೆಳಕು, ಬಿಳಿ ಬೆಳಕು ಎರಡನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸಬಹುದಿತ್ತು. ನೀಲಿ ಹೆಚ್ಚಿರಲಿ, ಬಿಳಿ ಕಮ್ಮಿ, ಮಂದವಾಗಿ ಶುರುಮಾಡಿ ವಾರಕ್ಕೆ ಒಂಚೂರು ಏರಿಸಿ ಎಂದ. ತೊಟ್ಟಿ ಸಿದ್ಧವಾದ ಮೇಲೆ ತನ್ನ ಮನೆಯ ಹವಳದಿಂದ ಒಂದು ತುಂಡು ಕತ್ತರಿಸಿ ತಂದೂ ಕೊಟ್ಟ.

ಆ ಹವಳ ಹಸಿರು ಬೆರಳುಗಳನ್ನು ಬಿಚ್ಚಿದ ದಿನ ಮೊಲ್ದಿರ್ ಅವನಿಗೆ ಫೋನ್ ಮಾಡಿ ಕೂಗಿದಳು, "ಸುಯಿಂಶಿ!"

ಒಳ್ಳೆ ಸುದ್ದಿ ತಂದವರು ಹಾಗೆ ಕೂಗಿದರೆ ಅವರು ಕೇಳಿದ ಉಡುಗೊರೆ ಕೊಡಲೇಬೇಕು. ಅವಳು ಹಲ್ವಾ ಕೇಳಿದಳು. ಅವನು ಡ್ಯೂಟಿ ಮುಗಿಸಿ ಹಲ್ವಾ ಹಿಡಿದು ಬಂದ. ಆಮೇಲೆ ಬರುತ್ತಲೇ ಇದ್ದ.

"ಅವನು ನೋಡೋಕೆ ಬರೋದು ಆ ಕಲ್ಲನ್ನಾ, ನಿನ್ನನ್ನಾ?" ಅಮ್ಮ ಚಹಾಕ್ಕೆ ಹಾಲು ಸುರಿಯುತ್ತಾ ಚುಚ್ಚಿದಳು.

ಮೊಲ್ದಿರ್‌ಗೂ ಅದೇ ಪ್ರಶ್ನೆ...

ತಮ್ಮನ ಮದುವೆಗೆಂದು ಹಳ್ಳಿಗೆ ಹೋಗಿ ಬಂದ ಮೇಲಂತೂ ಯೆರ್ಮೆಕ್ ಬದಲಾಗಿಬಿಟ್ಟ. ಚಹಾ ಬೇಡ, ಹರಟೆ ಬೇಡ. ಬಂದವನೇ ತೊಟ್ಟಿಯ ಮುಂದೆ ಮಂಡಿಯೂರುತ್ತಿದ್ದ. ದೀಪ ಏರಿಸಿದೆಯಾ ಎಂದು ದಿನವೂ ಅದೇ ವಿಚಾರಣೆ. ಅವಳು ಹೊಸ ಉಡುಪು ತೊಟ್ಟ ದಿನವೂ ಅವನ ಕಣ್ಣು ಗಾಜಿನಿಂದ ಏಳಲಿಲ್ಲ.

ಹಾಗಾದರೆ ನಾನು ಅವನ ಹವಳದ ಕಾವಲುಗಾರ್ತಿ, ಅಷ್ಟೇ!

ಅವನು ಅತ್ತ ಹೋದದ್ದೇ, ಸಿಟ್ಟಿನಲ್ಲಿ ಎರಡೂ ಬೆಳಕನ್ನು ಪೂರ್ತಿ ಏರಿಸಿಬಿಟ್ಟಳು. ಬೇಗ ಬಣ್ಣ ಬರಲಿ. ತಗೊಂಡು ಹೋಗಲಿ. ಆಮೇಲೆ ಬರೋದೇ ಬೇಡ.

ಆಮೇಲೆ ಅವನು ಬಂದಾಗಲೆಲ್ಲ ಅವಳು ಮನೆಯಲ್ಲಿಲ್ಲವೆಂದು ಅಮ್ಮನಿಂದ ಹೇಳಿಸಿದಳು.

ಆದರೆ ಬಣ್ಣ ಬರಲಿಲ್ಲ. ಇದ್ದ ಬಣ್ಣವೂ ಹೋಯಿತು. ಹಸಿರು ಬೆರಳುಗಳು ಮುದುಡಿ, ಹವಳ ಮೂಳೆಯಂತೆ ಬೆಳ್ಳಗಾಯಿತು.

ಹೆದರಿ ಅಂಗಡಿಗೆ ಓಡಿದಳು. ಒಡತಿ ಗಾಲ್ಯಾ ಆಂಟಿ ಎಲ್ಲವನ್ನೂ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಯೆರ್ಮೆಕ್ ಮದುವೆಗೆ ಹೋಗಿದ್ದಾಗ ಅವನ ತೊಟ್ಟಿಯ ಹೀಟರ್ ಕೆಟ್ಟು, ನೀರು ತಣ್ಣಗಾಗಿ, ವರ್ಷಗಟ್ಟಲೆ ಬೆಳೆಸಿದ ಹವಳವೆಲ್ಲ ಸತ್ತುಹೋಗಿತ್ತಂತೆ.

"ಉಳಿದಿರೋದು ನಿನ್ ಹತ್ರ ಇರೋ ತುಂಡೊಂದೇ ಕಣೇ, ಮಗಳೇ."

ಅದನ್ನೇ ನಾನು ಸುಟ್ಟೆನಾ...

ತಾನೇ ಫೋನ್ ಮಾಡಿ ಎಲ್ಲ ಒಪ್ಪಿಕೊಂಡಳು. ಅವನು ಬಂದು ಗಾಜಿಗೆ ಹಣೆಯಾನಿಸಿ ಹವಳದ ಒಂದೊಂದೇ ಬೆರಳನ್ನು ನೋಡಿದ.

"ಬೈದುಬಿಡು ಯೆರ್ಮೆಕ್."

"ಬೆಳ್ಳಗಾಗಿದೆ... ಆದ್ರೆ ಸತ್ತಿಲ್ಲ."

ಅವನು ಬಿಳಿ ಬೆಳಕನ್ನು ಪೂರ್ತಿ ನಂದಿಸಿದ. ನೀಲಿಯನ್ನು ಕೊನೆಯ ಹಂತಕ್ಕೆ ಇಳಿಸಿದರೂ ಹೆಚ್ಚೇ ಅನ್ನಿಸಿತು. ಅವಳು ಎದ್ದು, ಹೊಲಿಯಲಿಟ್ಟಿದ್ದ ಜಾಲರಿ ಪರದೆಯಿಂದ ಒಂದು ತುಂಡು ಕತ್ತರಿಸಿ ದೀಪದ ಕೆಳಗೆ ಕಟ್ಟಿದಳು. ನೀರೊಳಗೆ ಮುಸ್ಸಂಜೆಯಾಯಿತು. ಗಂಟು ಹಾಕುವಾಗ ಅವರ ಬೆರಳುಗಳು ತಾಗಿದವು. ಅವನು ಕೈ ಹಿಂದಕ್ಕೆಳೆದುಕೊಂಡು ಹೊರಟುಹೋದ.

ಮರುದಿನ ಬರಲಿಲ್ಲ. ಮರುವಾರವೂ.

ಕ್ಷಮಿಸಲಿಲ್ಲ. ಯಾಕಾದರೂ ಕ್ಷಮಿಸಬೇಕು?

ಅವಳು ದಿನಾ ಬೆಳಿಗ್ಗೆ ಉಸಿರು ಬಿಗಿಹಿಡಿದು ತೊಟ್ಟಿಯೊಳಗೆ ಇಣುಕುತ್ತಿದ್ದಳು. ಬಿಳಿ. ಮತ್ತೆ ಬಿಳಿ. ಬೀದಿಯ ಹಿಮ ಕರಗತೊಡಗಿದ ಒಂದು ಬೆಳಿಗ್ಗೆ, ಒಂದು ಬೆರಳಿನ ತುದಿಯಲ್ಲಿ ಹಸಿರು... ಪಕ್ಕದಲ್ಲಿ ಇನ್ನೊಂದು!

ಮೊಲ್ದಿರ್ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಎದೆಯ ಮೇಲಿದ್ದ ಭಾರವೆಲ್ಲ ಇಳಿದು ಹೋಗುವಷ್ಟು ಅತ್ತಳು. ಆಮೇಲೆ ಕೋಟಿನ ಗುಂಡಿಯನ್ನೂ ಹಾಕದೆ ಓಡಿದಳು.

ಯೆರ್ಮೆಕ್ ಬಾಗಿಲು ತೆರೆದ. ಅವನ ಹಿಂದೆ ಗೋಡೆಯ ಪಕ್ಕ ಒಣಗಿದ, ಖಾಲಿ ತೊಟ್ಟಿ.

"ಸುಯಿಂಶಿ," ಎಂದಳು.

ಅವನಿಗೆ ಅರ್ಥವಾಯಿತು. ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದ. ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರು ಹೊರಬಂತು.

"ನಿನ್ನ ತೊಟ್ಟಿ ಹೋಯ್ತು ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೆದರ್ಕೊಂಡು ವಾಪಸ್ ಕೊಟ್ಬಿಡ್ತಿದ್ದೆ. ಆಮೇಲೆ ನಾನು ಯಾವ ನೆಪ ಹೇಳ್ಕೊಂಡು ಬರ್ಲಿ?"

"ಮತ್ತೆ ಯಾಕೆ ಬರೋದು ಬಿಟ್ಟೆ?"

"ನನ್ನ ಕಾಟ ತಡೀಲಾರದೇ ತಾನೆ ನೀನು ದೀಪ ಏರಿಸಿದ್ದು... ಮುಖ ತೋರಿಸೋಕೆ ಧೈರ್ಯ ಬರ್ಲಿಲ್ಲ."

ಮೊಲ್ದಿರ್ ಅಳುತ್ತಲೇ ನಕ್ಕಳು. ಇಷ್ಟು ದಿನ ಇಬ್ಬರೂ ಬರೀ ಹೆದರಿ ಕೂತಿದ್ದರಾ!

"ಉಡುಗೊರೆ ಕೇಳು," ಅಂದ ಅವನು. "ಏನು ಕೇಳಿದ್ರೂ ಇಲ್ಲ ಅನ್ನೋ ಹಾಗಿಲ್ಲ."

"ದೀಪ ನೋಡೋ ನೆಪ ಇನ್ಮೇಲೆ ಬೇಡ. ನನ್ನನ್ನೇ ನೋಡೋಕೆ ಬಾ."

ಅವನ ಕಿವಿಗಳು ಕೆಂಪಾದವು.

"ಅಷ್ಟೇನಾ?"

"ಸದ್ಯಕ್ಕೆ ಅಷ್ಟೇ," ಎಂದು ಅವಳು ಅವನ ಬೆರಳು ಹಿಡಿದುಕೊಂಡಳು. ಈ ಸಲ ಅವನು ಕೈ ಎಳೆದುಕೊಳ್ಳಲಿಲ್ಲ. "ವಾರಕ್ಕೆ ಒಂಚೂರು ಏರಿಸೋಣ... ನೀನೇ ಹೇಳಿದ್ದಲ್ವಾ?"